ಯಾವುದರಲ್ಲಿ ತೆರೆಯಬೇಕು ಅಂತ ನನ್ನನ್ನು ಒಂದು ಮಾತು ಕೇಳಬೇಕಿತ್ತು

ಇವತ್ತು ಬೆಳಿಗ್ಗೆ ನನ್ನ ಡಿಸೈನ್ ಅಂಗಡಿಯಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಕೊಡಗಿನ ಅಮ್ಮತ್ತಿ ಕಡೆಯಿಂದ ಒಬ್ಬರು ಅಜ್ಜ ಬಂದಿದ್ದರು. 2009ರಲ್ಲಿ ಅವರ ಒಕ್ಕದ, ಅಂದರೆ ಮನೆತನದ, ವಂಶವೃಕ್ಷ ನಾನೇ ಮಾಡಿಕೊಟ್ಟಿದ್ದೆ. ಮನೆತನದ ಮೂಲಮನೆಯಾದ ಐನ್‌ಮನೆಯ ಗೋಡೆಯಲ್ಲಿ ಈಗಲೂ ಇದೆ. ಆಮೇಲೆ ಹುಟ್ಟಿದ ಮಕ್ಕಳ ಹೆಸರು ಸೇರಿಸಬೇಕು, ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಬರುವಾಗ ಹೊಸ ಪ್ರಿಂಟ್ ಬೇಕು ಅಂದರು. ಅರ್ಧ ಗಂಟೆಯ ಕೆಲಸ.

ನಮ್ಮ ಅಂಗಡಿ ಹುಡುಗಿ ಫೈಲ್ ಹುಡುಕಿ ಡಬಲ್ ಕ್ಲಿಕ್ ಮಾಡಿದಳು. ನನ್ನ ಹತ್ತಿರ ಎರಡು ಕೋರಲ್ (ಡಿಸೈನ್ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರ್) ಇರೋದು ನಿಮಗೆ ಗೊತ್ತೇ ಇದೆ. ಹಳೇ ಕೆಲಸಕ್ಕೆಲ್ಲ ಹಳೇ ವರ್ಷನ್, ಎಕ್ಸ್3. ಇನ್ನೊಂದು ಹೊಸ ವರ್ಷನ್, ಹೋದ ವಾರವಷ್ಟೇ ಹಾಕಿಸಿದ್ದು. ಹಾಕಲು ಬಂದವರು ‘ಎಲ್ಲಾ ಆಯ್ತು ಸರ್’ ಅಂತ ಹೊರಟರು. ಇನ್ಮೇಲೆ ಕೋರಲ್‌ನ ಸಿಡಿಆರ್ ಫೈಲ್‌ಗಳೆಲ್ಲ ಹೊಸದರಲ್ಲೇ ತೆರೆಯುತ್ತವೆ ಅಂತ ಹೇಳಲಿಲ್ಲ. ಯಾವುದರಲ್ಲಿ ತೆರೆಯಬೇಕು ಅಂತ ಕೇಳಲೂ ಇಲ್ಲ.

2012ರಲ್ಲಿ ಎಕ್ಸ್6 ಬಂದಾಗ ಕೋರಲ್‌ನಲ್ಲಿ ಅಕ್ಷರ ಜೋಡಿಸುವ ರೀತಿಯೇ ಬದಲಾಯಿತು. ಅದಕ್ಕಿಂತ ಹಳೆಯ ಫೈಲ್ ತೆರೆದರೆ, ಇದರ ಅಕ್ಷರ ಹಳೇ ವರ್ಷನ್‌ನದು, ಅಪ್‌ಡೇಟ್ ಮಾಡಬೇಕಾ ಅಂತ ಕೇಳುತ್ತದೆ. ಹುಡುಗಿ ಅಪ್‌ಡೇಟ್ ಒತ್ತಿದಳು. ಹೆಸರುಗಳು ಗೆರೆ ಬಿಟ್ಟು ಜರುಗಿದವು. ಅವಳಿಗೆ ಗೊತ್ತಾಗದೆ ಸೇವ್ ಕೂಡ ಆಯಿತು. ಹೊಸದರಲ್ಲಿ ಹಾಗೇ ಸೇವ್ ಆದ ಫೈಲನ್ನು ಎಕ್ಸ್3 ತೆರೆಯುವುದಿಲ್ಲ.

ಅಜ್ಜ ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ‘ನಮ್ಮ ಅಪ್ಪನ ಹೆಸರು ಎಲ್ಲಿಗೆ ಹೋಯ್ತು ಮಾರಾಯ?’ ಅಂದರು. ನನಗೆ ಉತ್ತರ ಬರಲಿಲ್ಲ. ಹುಡುಗಿ ಮೇಲೆ ರೇಗಿದೆ, ಅದೂ ಅಜ್ಜನ ಎದುರಿಗೇ. ಅವಳ ತಪ್ಪೇನೂ ಇರಲಿಲ್ಲ. ಡಬಲ್ ಕ್ಲಿಕ್ ಮಾಡು ಅಂತ ಕಲಿಸಿದ್ದೇ ನಾನು. ಆ ಮುಖ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಫೈಲ್ ಉಳಿಯಿತು, ಅದೇ ಪುಣ್ಯ. ಸೇವ್ ಮಾಡುವಾಗ ಕೋರಲ್ ಹಿಂದಿನ ಪ್ರತಿಯನ್ನು ‘ಬ್ಯಾಕಪ್ ಆಫ್’ ಅಂತ ಹೆಸರು ಕೊಟ್ಟು ಅದೇ ಫೋಲ್ಡರ್‌ನಲ್ಲಿ ಇಡುತ್ತದೆ. ಅದನ್ನು ಎಕ್ಸ್3ರಲ್ಲಿ ತೆರೆದಾಗ ಪ್ರತಿ ಹೆಸರೂ ತನ್ನ ಜಾಗದಲ್ಲೇ ಇತ್ತು. ಆ ಖುಷಿಗೆ ಅಜ್ಜನಿಗೂ ಹುಡುಗಿಗೂ ಕಾಫಿ ತರಿಸಿದೆ.

‘ಹಳೇದನ್ನು ಯಾಕೆ ಇಟ್ಕೊಂಡಿದ್ದೀರಿ, ಎಲ್ಲಾ ಹೊಸದಕ್ಕೆ ಬದಲಿಸಿ’ ಅಂತ ಕೆಲವರು ಹೇಳುತ್ತೀರಿ. ಹೊಸದು ನನಗೂ ಬೇಕು. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕೂರುತ್ತದೆ. ಹೊಸ ಕೆಲಸ ಎಲ್ಲಾ ಅದರಲ್ಲೇ ಮಾಡುತ್ತೇನೆ. ಆದರೆ ಹದಿನೈದಕ್ಕೂ ಜಾಸ್ತಿ ವರ್ಷದ ಕೆಲಸ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ ಫಾಂಟ್‌ನಲ್ಲಿದೆ. ಅಲ್ಲಿ ಕನ್ನಡ ಅಕ್ಷರ ಕೂತಿರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ನಾನು ಕೆಲಸ ಕೊಡುವ ಪ್ರೆಸ್‌ನಲ್ಲೂ ಹಳೇ ಕೋರಲ್ಲೇ ಇದೆ. ಮದುವೆ ಕಾರ್ಡು, ಹಾಕಿ ಪಂದ್ಯದ ಬ್ಯಾನರು, ತಿಥಿ ಕಾರ್ಡು, ಒಂದೊಂದನ್ನೂ ತೆರೆದು ಸರಿ ಮಾಡುತ್ತಾ ಕೂತರೆ ಗಿರಾಕಿಗಳನ್ನು ಯಾರು ನೋಡಿಕೊಳ್ಳಬೇಕು? ಸುಮ್ನೆ ಹೇಳಿಬಿಡುವ ಮಾತಲ್ಲ ಅದು.

ನನ್ನ ಸಿಟ್ಟು ಅದೊಂದಕ್ಕೇ, ಕೇಳದೆ ಬದಲಿಸಿದ್ದಕ್ಕೆ. ಫೈಲ್ ನನ್ನದು, ಮೆಷಿನ್ ನನ್ನದು.

ಡಬಲ್ ಕ್ಲಿಕ್ ಮಾಡಿದರೆ ಮತ್ತೆ ಎಕ್ಸ್3ರಲ್ಲೇ ತೆರೆಯುವ ಹಾಗೆ ಮಾಡಲು ಮಧ್ಯಾಹ್ನ ಪೂರ್ತಿ ಕೂತೆ. ‘ಓಪನ್ ವಿತ್’ಗೆ ಹೋಗಿ ಎಕ್ಸ್3 ತೋರಿಸಿದರೂ ನಿಲ್ಲಲಿಲ್ಲ. ಎರಡೂ ವರ್ಷನ್‌ನ ಮುಖ್ಯ ಫೈಲಿನ ಹೆಸರು ಒಂದೇ. ವಿಂಡೋಸ್ ‘ಓಪನ್ ವಿತ್’ ಪಟ್ಟಿಯನ್ನು ಆ ಹೆಸರಿನ ಮೇಲೆ ಇಡುತ್ತದೆ, ಫೋಲ್ಡರ್ ಬೇರೆ ಇದ್ದರೂ ಒಂದೇ ಅಂದುಕೊಳ್ಳುತ್ತದೆ.

ಕೊನೆಗೆ ಬೇರೆ ದಾರಿ ಹಿಡಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಶೆಲ್:ಸೆಂಡ್‌ಟು’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಒಂದು ಫೋಲ್ಡರ್ ಬರುತ್ತದೆ. ಎರಡೂ ಕೋರಲ್‌ನ ಶಾರ್ಟ್‌ಕಟ್ ಅದರಲ್ಲಿ ಹಾಕಿ ‘ಹಳೇದು’, ‘ಹೊಸದು’ ಅಂತ ಹೆಸರಿಟ್ಟೆ. ಈಗ ಫೈಲ್ ಮೇಲೆ ರೈಟ್ ಕ್ಲಿಕ್, ಸೆಂಡ್ ಟು, ಬೇಕಾದ್ದು ಆರಿಸಿದರೆ ಆಯಿತು. ವಿಂಡೋಸ್ 11 ಇದ್ದವರು ‘ಶೋ ಮೋರ್ ಆಪ್ಷನ್ಸ್’ ಒತ್ತಿದ ಮೇಲೆ ಸಿಗುತ್ತದೆ.

ನಾಳೆ ಹುಡುಗಿ ಬಂದ ತಕ್ಷಣ ಮೊದಲು ಕ್ಷಮೆ ಕೇಳುತ್ತೇನೆ. ಆಮೇಲೆ ಇದನ್ನು ಕಲಿಸುತ್ತೇನೆ.