ನಾಲ್ಕು ಚಕ್ರದ ಗೃಹಸ್ಥಾಶ್ರಮ

ಆ ವಿಡಿಯೊ ನಿಮಗೂ ಬಂದಿರುತ್ತದೆ. ಹೊರಗೆ ಧೋ ಎಂದು ಮಳೆ. ಬಾಗಿಲು ಮುಚ್ಚಿದ ಫೋರ್ ವೀಲ್ ಡ್ರೈವ್ ಒಳಗೆ ಹಳದಿ ದೀಪದ ಸರ, ಬಿಳಿ ಹಾಸಿಗೆ, ಹಾಸಿಗೆಯಿಂದ ಒಂದು ಗೇಣು ದೂರದಲ್ಲಿ ಉರಿಯುವ ಗ್ಯಾಸ್ ಒಲೆ. ಮಾತಿಲ್ಲ ಕತೆಯಿಲ್ಲ, ಹಲಗೆ ಮೇಲೆ ಚಾಕುವಿನ ಟಕಟಕ ಮಾತ್ರ. ಕೆಳಗೆ ಎಲ್ಲರದೂ ಒಂದೇ ನಿಟ್ಟುಸಿರು: ಬದುಕಿದರೆ ಹೀಗೆ ಬದುಕಬೇಕು!

ಹಿಂದಿನವರು ವಾನಪ್ರಸ್ಥಕ್ಕೆ ಹೊರಟರೆ ಮನೆ ಬಿಟ್ಟು ಹೊರಡುತ್ತಿದ್ದರಂತೆ. ಪಾಪ, ಅವರಿಗೆ ಪ್ಲೈವುಡ್ ಗೊತ್ತಿರಲಿಲ್ಲ. ಈಗಿನ ಸರಳಜೀವಿ ಮನೆಯನ್ನೇ ಡಿಕ್ಕಿಗೆ ತುರುಕಿಕೊಂಡು ಕಾಡಿಗೆ ಹೊರಡುತ್ತಾನೆ. ಸರಳತೆಯ ಸಾಮಾನಿನ ಪಟ್ಟಿ ಮಾತ್ರ ಸ್ವಲ್ಪ ಉದ್ದ. ಟಾಪ್ ಮೇಲಿನ ಟೆಂಟು ಒಂದೇ 60 ಕಿಲೋ. 40 ಲೀಟರ್ ನೀರು ಅಂದರೆ 40 ಕಿಲೋ. ಇದರಲ್ಲಿ ರಿಯಾಯಿತಿ ಇಲ್ಲ. ಡ್ರಾಯರುಗಳು, ಫ್ರಿಜ್, ಬ್ಯಾಟರಿ, ನೆರಳಿನ ಚಪ್ಪರ, ಡೀಸೆಲ್ ಕ್ಯಾನು ಎಲ್ಲ ಬೇರೆ. ಇಂಥ ಬಹುತೇಕ ಗಾಡಿಗಳು ಒಟ್ಟಾರೆ ಹೊರಬಲ್ಲದ್ದು ಸುಮಾರು 500ರಿಂದ 700 ಕಿಲೋ, ಅದರಲ್ಲಿ ಸೀಟಿನಲ್ಲಿ ಕೂತ ತಮ್ಮ ದೇಹವೂ ಸೇರಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಗಾಡಿಯ ಹಿಂಭಾಗ ಕುಸಿಯಿತೋ, ಗಟ್ಟಿ ಸ್ಪ್ರಿಂಗ್ ಹಾಕಿಸು. ಬ್ರೇಕೂ ಆಕ್ಸಲ್ಲೂ ಹಳೆಯವೇ, ಇರಲಿ ಬಿಡಿ. ಅಷ್ಟು ತೂಕಕ್ಕೆ ಕೆಸರಲ್ಲಿ ಹೂತಿತೋ, ಹಗ್ಗ ಸುತ್ತಿ ಎಳೆಯುವ ಯಂತ್ರ, ಅಂದರೆ ವಿಂಚ್, ಒಂದನ್ನು ಮುಂದೆ ಕೂರಿಸು. ವಿಂಚಿನ ಭಾರಕ್ಕೆ ಮೂತಿ ಬಗ್ಗಿತೋ, ಮುಂದಕ್ಕೂ ಗಟ್ಟಿ ಸ್ಪ್ರಿಂಗ್. ಈ ಜ್ಞಾನಮಾರ್ಗಕ್ಕೆ ಕೊನೆಯೆಂಬುದಿಲ್ಲ.

ಟೆಂಟು ಬೇಡ, ಒಳಗೇ ಮಲಗುತ್ತೇವೆ ಅನ್ನುವ ವೀರರೂ ಇದ್ದಾರೆ. ಹಿಂದಿನ ಸೀಟು ಮಡಚಿದರೂ ಆರಡಿ ಆಳಿಗೆ ಜಾಗ ಸಾಲದು. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು, ಇಲ್ಲವೇ ಮುಂದಿನ ಸೀಟು ಕಿತ್ತು ಹೆಂಡತಿಯನ್ನು ಬಸ್ಸಿಗೆ ಹತ್ತಿಸಬೇಕು. ಗಾಡಿ ನಿಂತ ನೆಲ ಒಂದಿಷ್ಟು ಇಳಿಜಾರಿದ್ದರೂ ಬೆಳಗಿನ ಹೊತ್ತಿಗೆ ಇಬ್ಬರೂ ಒಂದೇ ಕಿಟಕಿಗೆ ಅಂಟಿರುತ್ತಾರೆ. ಒದ್ದೆ ಚಪ್ಪಲಿ ಎಲ್ಲಿಡುವುದು? ಹೊರಗಿಟ್ಟರೆ ನೆನೆಯುತ್ತದೆ, ಒಳಗಿಟ್ಟರೆ ತಲೆದಿಂಬಿನ ಪಕ್ಕ. ಉಸಿರಿನ ಆವಿ ರಾತ್ರಿಯೆಲ್ಲ ಗಾಜಿಗೆ ಕಟ್ಟಿ, ಬೆಳಗಾಗುವಷ್ಟರಲ್ಲಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಇನ್ನು ಸುರಕ್ಷತೆಗೆಂದು ರಿಮೋಟ್ ಒತ್ತಿ ಲಾಕ್ ಮಾಡಿಕೊಂಡು ಮಲಗಿದಿರೋ, ಕೆಲವು ಗಾಡಿಗಳಲ್ಲಿ ಒಳಗಿನ ಚಲನೆ ಹಿಡಿಯುವ ಸೆನ್ಸರ್ ಇರುತ್ತದೆ. ಮಗ್ಗುಲು ಬದಲಿಸಿದರೆ ಸಾಕು, ಮಾಲೀಕನನ್ನೇ ಕಳ್ಳನೆಂದು ಸಾರಿ ಇಡೀ ಕಾಡನ್ನು ಎಬ್ಬಿಸುತ್ತದೆ. ನಿಸರ್ಗದ ಮೌನ ಸವಿಯಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಬಹುಮಾನವಿಲ್ಲ.

ಅಡುಗೆಮನೆಯಂತೂ ಅಂಗೈಯಲ್ಲಿ ಅರಮನೆ. ಚಮಚದ ಡ್ರಾಯರ್ ಹಾಸಿಗೆಯ ಕೆಳಗೆ. ಹಾಸಿಗೆ ಎತ್ತಬೇಕಾದರೆ ಅದರ ಮೇಲಿನ ಚೀಲ ಹೊರಗೆ. ಚೀಲ ಹೊರಗಿಡಬೇಕಾದರೆ ಮಳೆ ನಿಲ್ಲಬೇಕು. ಒಂದು ಲೋಟ ಚಹಾ ಅಂದರೆ ಅರ್ಧ ಸಂಸಾರವನ್ನೇ ಬೀದಿಗೆ ತಂದಂತೆ.

ಇಷ್ಟರವರೆಗೆ ನಗಬಹುದು. ಆದರೆ ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸುವುದನ್ನು ಚಂದ ಮಾಡಿ ತೋರಿಸುತ್ತಾರಲ್ಲ, ಅಲ್ಲಿಗೆ ನನ್ನ ನಗು ನಿಲ್ಲುತ್ತದೆ. ಗಾಳಿ ಸಾಲದ ಜಾಗದಲ್ಲಿ ಒಲೆ ಉಗುಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತೂಕಡಿಕೆ. ದಿನವಿಡೀ ಗಾಡಿ ಓಡಿಸಿದವನು ಅದನ್ನು ಆಯಾಸ ಅಂದುಕೊಂಡು ಮಲಗುತ್ತಾನೆ. ಕೆಲವರು ಏಳುವುದೇ ಇಲ್ಲ. 'ಕಿಟಕಿ ಒಂದಿಂಚು ಇಳಿಸಿದ್ದೆವಲ್ಲ' ಎಂಬ ಸಮಾಧಾನ ಬೇರೆ. ಈ ಅನಿಲ ಕಂಡರೆ ಕೂಗುವ ಅಂಗೈಯಗಲದ ಒಂದು ಅಲಾರಂ ಇಟ್ಟುಕೊಳ್ಳಿ, ಒಲೆಯನ್ನು ಹೊರಗೆ ಹಚ್ಚಿ ಎಂದು ಒಂದು ಸಾಲು ಬರೆಯಲು ಇವರಿಗೆ ಏನು ಧಾಡಿ? ದೀಪದ ಸರ ಎಲ್ಲಿ ಕೊಂಡೆವು ಎಂದು ಬರೆಯಲು ಜಾಗ ಸಿಗುತ್ತದೆ. ಹೇಳಿ ಹೇಳಿ ಸಾಕಾಗಿದೆ.

ಇಷ್ಟು ಹೇಳಿದರೆ ಬುದ್ಧಿವಂತರು ಎದ್ದು ನಿಲ್ಲುತ್ತಾರೆ: ಗ್ಯಾಸ್ ಬೇಡ, ಇಂಡಕ್ಷನ್ ಹಾಕೋಣ! ಹಾಕಿ. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಒಂದೂಕಾಲು ಯೂನಿಟ್ ಕರೆಂಟು. 2000 ವ್ಯಾಟಿನ ಒಲೆ ಅದನ್ನು ಮುಕ್ಕಾಲು ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಅದೂ ಕೊಟ್ಟರೆ ತಾನೆ! ಆ ಒಲೆ ಎಳೆಯುವುದು 160 ಆಂಪಿಯರಿಗೂ ಹೆಚ್ಚು. ಇಂಥ ಬ್ಯಾಟರಿಗಳಲ್ಲಿ ಅನೇಕವು 100 ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ತಾವಾಗಿಯೇ ಕಣ್ಣು ಮುಚ್ಚುತ್ತವೆ. ಗಾಡಿಯಲ್ಲಿ ವಿವೇಕ ಉಳಿದಿರುವುದು ಅದೊಂದಕ್ಕೇ ಇರಬೇಕು.

ಕೊನೆಗೆ ಅನುಭವಸ್ಥರು ಏನು ಮಾಡುತ್ತಾರೆ? ಹಿಂಬಾಗಿಲು ತೆರೆದು ಹೊರಗೆ ನಿಂತು ಬೇಯಿಸುತ್ತಾರೆ, ಟಾಪ್ ಮೇಲೆ ಹತ್ತಿ ಮಲಗುತ್ತಾರೆ. ಹಾಗಾದರೆ ಒಳಗೆ ಇಷ್ಟು ಕಷ್ಟಪಟ್ಟು ಕಟ್ಟಿದ ಮನೆಯಲ್ಲಿ ಇರುವವರು ಯಾರು? ಫ್ರಿಜ್ಜು. ಅದಕ್ಕೇ ಮೀಸಲಾದ ಬ್ಯಾಟರಿ, ಬ್ಯಾಟರಿಗೆ ಟಾಪ್ ಮೇಲೆ ಸೋಲಾರ್ ಪ್ಯಾನೆಲ್. ಪ್ಯಾನೆಲಿಗೆ ಬಿಸಿಲು ಬೇಕಲ್ಲ, ಹಾಗಾಗಿ ಮರದ ನೆರಳು ಬಿಟ್ಟು ಗಾಡಿಯನ್ನು ಸುಡುಬಿಸಿಲಲ್ಲಿ ನಿಲ್ಲಿಸಬೇಕು. ಬಿಸಿಲಿಗೆ ಗಾಡಿಯ ಒಳಗು ಕಾಯುತ್ತದೆ, ಒಳಗು ಕಾದಷ್ಟೂ ಫ್ರಿಜ್ಜು ಹೆಚ್ಚು ಕರೆಂಟು ಎಳೆಯುತ್ತದೆ. ಇನ್ನೊಂದು ಪ್ಯಾನೆಲ್ ಆರ್ಡರ್ ಮಾಡಿದ್ದಾರಂತೆ.