ಒಳಮಡಿಕೆಯ ಲೆಕ್ಕ

ಮಕ್ಕಳ ಬಟ್ಟೆಯನ್ನು ಮನೆಯಲ್ಲೇ ಹೊಲಿದರೆ ದುಡ್ಡು ಉಳಿಯುತ್ತದೆ ಎಂಬ ಮಾತು ನಮ್ಮ ತಾಯಂದಿರ ಕಾಲಕ್ಕೇ ಮುಗಿಯಿತು. ಒಂದೂವರೆ ಮೀಟರು ಪಾಪ್ಲಿನ್, ಅದಕ್ಕೊಪ್ಪುವ ಲೈನಿಂಗು, ಲೇಸು, ಗುಂಡಿ, ದಾರದುಂಡೆ ಎಂದು ಕೊಳ್ಳುತ್ತ ಹೋದರೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ತೂಗುಹಾಕಿರುವ ಸಿದ್ಧ ಫ್ರಾಕಿನ ಬೆಲೆಯನ್ನು ಎಂದೋ ದಾಟಿರುತ್ತೇವೆ. ಹೊಲಿದವಳ ಸೊಂಟನೋವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಗೌರಿಹಬ್ಬ ಹತ್ತಿರವಾದಂತೆ ಮೂಲೆಯ ಯಂತ್ರಕ್ಕೆ ಎಣ್ಣೆ ಬಿಟ್ಟು ಕೂರುವವರು ನಮ್ಮ ಬಡಾವಣೆಯಲ್ಲಿ ಇನ್ನೂ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಅಂಗಡಿಯ ಉಡುಪು ಮಗುವನ್ನು ವಯಸ್ಸಿನಿಂದ ಅಳೆಯುತ್ತದೆ. ಕತ್ತಿನ ಹಿಂದಿನ ಚೀಟಿಯಲ್ಲಿ 4-5 ವರ್ಷ ಎಂದಿದ್ದರೆ ಆರನೆಯ ವರ್ಷಕ್ಕೆ ಅದರ ಋಣ ತೀರಿತು. ಮನೆಯಲ್ಲಿ ಹೊಲಿಯುವವಳಾದರೋ ಎದುರಿಗಿರುವ ಮಗುವಿಗಿಂತ ಹೆಚ್ಚಾಗಿ ಬರುವ ವರ್ಷದ ಮಗುವಿಗೆ ಹೊಲಿಯುತ್ತಾಳೆ. ಹತ್ತಿಯ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಕತ್ತಿನೊಳಗೆ ತಲೆ ತೂರುವುದೇ ಕಷ್ಟವಾಗುತ್ತದೆ. ಬಳಿಕ ಪಕ್ಕದ ಹೊಲಿಗೆಗಳಲ್ಲಿ ಒಂದೊಂದು ಅಂಗುಲ ಬಿಟ್ಟು, ಕೆಳಗಿನ ಅಂಚನ್ನು ಮೂರಂಗುಲ ಒಳಕ್ಕೆ ಮಡಿಚಿ, ಲಂಗವಾದರೆ ಜರಿಯಂಚಿನ ಮೇಲೆ ಎರಡು ಮಡಿಕೆಗಳನ್ನು ಹಿಡಿದು ದೊಡ್ಡ ಹೊಲಿಗೆ ಹಾಕಬೇಕು, ಏಕೆಂದರೆ ಮುಂದಿನ ಗೌರಿಹಬ್ಬಕ್ಕೆ ಅದನ್ನು ಬಿಚ್ಚುವವಳೂ ತಾನೇ ಎಂಬುದು ಹೊಲಿಯುವವಳಿಗೆ ಗೊತ್ತಿರುತ್ತದೆ. ಹಾಗೆ ಬಿಚ್ಚಿದಾಗ ಮಡಿಕೆಯೊಳಗಿನ ಭಾಗ ಹೊಸದರಂತೆ ಹೊಳೆಯುತ್ತದೆ, ಉಳಿದ ಲಂಗ ಬಿಸಿಲಿಗೆ ಬಣ್ಣಗೆಟ್ಟಿರುತ್ತದೆ, ನಡುವೆ ಅಳಿಸಲಾಗದ ಗೆರೆಯೊಂದು ಕೂತಿರುತ್ತದೆ. ಆ ಗೆರೆಯ ಮೇಲೆ ನಮ್ಮ ಅತ್ತೆಯವರು ಅಂಕುಡೊಂಕಿನ ಲೇಸೊಂದನ್ನು ಓಡಿಸಿ, ಅದು ಮೊದಲಿನಿಂದಲೂ ಇದ್ದ ಅಲಂಕಾರವೆಂಬಂತೆ ಮಾಡುತ್ತಿದ್ದರು. ನನ್ನ ನಾದಿನಿಯ ಒಂದು ಹಸಿರು ಲಂಗಕ್ಕೆ ಅಂಥ ಮೂರು ಸಾಲು ಲೇಸಿದೆ. ಅವಳು ಎಷ್ಟೆಷ್ಟು ಉದ್ದವಾದಳೆಂಬುದನ್ನು ಅದರ ಮೇಲೆ ಬೆರಳಿಟ್ಟು ಹೇಳಬಹುದು.

ಮಂಡ್ಯ, ಮದ್ದೂರಿನ ಕಡೆಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಕಾಲರು ಹೊಲಿಯುವವಳು ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಅಂಗಿಗೆ ತೋಳು ಕೂಡಿಸುವವಳು ಬೇರೊಬ್ಬಳು. ನಮ್ಮ ಸಂಬಂಧಿಯೊಬ್ಬಳು ಅಲ್ಲಿಂದ ಮನೆಗೆ ಬಂದು, ಭಾನುವಾರ ಮಗಳಿಗೆ ಫ್ರಾಕು ಹೊಲಿಯುತ್ತಾಳೆ. ದುಡಿದದ್ದು ಸಾಲದೇನೆ ಎಂದು ಕೇಳಿದರೆ, “ಅಕ್ಕ, ಇದೊಂದನ್ನಾದ್ರೂ ಪೂರ್ತಿ ನಾನೇ ಮುಗಿಸ್ತೀನಲ್ಲ” ಎನ್ನುತ್ತಾಳೆ.

ಮಕ್ಕಳ ಅಭಿಪ್ರಾಯ ಬೇರೆಯೇ. ಒಂದೇ ತಾನಿನಿಂದ ಅಣ್ಣನಿಗೆ ಅಂಗಿ, ತಂಗಿಗೆ ಫ್ರಾಕು, ಮಿಕ್ಕ ತುಂಡಿನಲ್ಲಿ ಕೂಸಿಗೆ ಕುಲಾವಿ ಹೊಲಿದು, ಮದುವೆಮನೆಗೆ ಬ್ಯಾಂಡ್‌ಸೆಟ್ಟಿನವರಂತೆ ಕರೆದೊಯ್ಯುವ ತಾಯಿಯನ್ನು ಅವರು ಸುಲಭವಾಗಿ ಕ್ಷಮಿಸುವುದಿಲ್ಲ, ಅದು ನ್ಯಾಯವೂ ಹೌದು. ಆದರೆ ಜೇಬಿನ ವಿಷಯದಲ್ಲಿ ಮಾತ್ರ ಅವರು ನಮ್ಮ ಪಕ್ಷ. ಅಂಗಡಿಯ ಹೆಣ್ಣುಮಕ್ಕಳ ಫ್ರಾಕುಗಳಿಗೆ ಹೆಚ್ಚಿನಂಶ ಜೇಬೇ ಇರುವುದಿಲ್ಲ. ಇದ್ದರೂ ಅದು ತೋರಿಕೆಯ ಪಟ್ಟಿ. ನನ್ನ ಮಗಳ ಫ್ರಾಕಿನ ಪಕ್ಕದ ಹೊಲಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವ ಜೇಬಿದ್ದು, ಹುಣಸೆಬೀಜ, ಬಳಪದ ತುಂಡು, ಅರ್ಧ ಕಚ್ಚಿದ ಕೊಬ್ಬರಿ ಮಿಠಾಯಿ ಎಲ್ಲವೂ ಅದರಲ್ಲಿ ಸಂಸಾರ ಹೂಡಿರುತ್ತವೆ.

ಅದನ್ನು ಕಂಡ ಪಕ್ಕದ ಮನೆಯ ಹುಡುಗಿ ತನ್ನ ಮಿನುಗುವ ನೆಟ್ಟಿನ ಫ್ರಾಕನ್ನು ಹೊತ್ತುತಂದು, “ಆಂಟಿ, ಇದಕ್ಕೂ ಜೇಬು ಇಟ್ಕೊಡಿ” ಎಂದಳು. ನೆಟ್ಟು ಯಂತ್ರದ ಕಾಲಿನಡಿ ನಿಲ್ಲದೆ ಜಾರುತ್ತದೆ; ಕೆಳಗೆ ಕಾಗದವಿಟ್ಟು ಹೊಲಿದು ಆಮೇಲೆ ಅದನ್ನು ಹರಿದು ತೆಗೆಯಬೇಕು ಎಂದು ವಿವರಿಸಿದೆ. ಅವಳು ಓಡಿಹೋಗಿ ತನ್ನ ಗಣಿತದ ನೋಟ್‌ಬುಕ್ಕಿನಿಂದ ಎರಡು ಹಾಳೆಗಳನ್ನು ಕಿತ್ತುತಂದಳು, ಎರಡರಲ್ಲೂ ಮನೆಗೆಲಸದ ಲೆಕ್ಕಗಳಿದ್ದವು.