ಗೋಡೆಗೆ ಒಂದೇ ತೂತು

ಬಸವೇಶ್ವರನಗರದ ಆ ಬಾಡಿಗೆ ಮನೆಗೆ ನಾವು ಹೋದದ್ದು 2011ರಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಎಣಿಸಿಕೊಂಡು ಬೀಗದ ಕೈ ಕೊಡುವಾಗ ಮಾಲೀಕರು ಮೂರು ಷರತ್ತು ಹೇಳಿದರು. ನೀರಿನ ಮೋಟಾರನ್ನು ಬೆಳಿಗ್ಗೆ ಮಾತ್ರ ಹಾಕಬೇಕು, ರಾತ್ರಿ ಹತ್ತಕ್ಕೆ ಗೇಟು ಮುಚ್ಚಬೇಕು, ಗೋಡೆಗೆ ಏನನ್ನೂ ಹೊಡೆಯಬಾರದು. ಮೂರನೆಯದನ್ನು ಹೇಳುವಾಗ ಅವರ ಕೈ ತಾನಾಗಿಯೇ ಗೋಡೆಯನ್ನು ಸವರುತ್ತಿತ್ತು. ಹಾಲ್‌ನ ಕಿಟಕಿಯ ಪಕ್ಕದಲ್ಲಿ ಹಿಂದಿನ ಬಾಡಿಗೆದಾರರು ಕೇಬಲ್ಲಿಗಾಗಿ ಕೊರೆಸಿದ್ದ ಒಂದು ತೂತಿತ್ತು. ಅದನ್ನು ತೋರಿಸಿ, "ಇದೊಂದು ಆಗಿಹೋಗಿದೆ, ಇನ್ನೊಂದು ಬೇಡ" ಎಂದರು.

ಒಂದರಿಂದ ನಮಗೇನೂ ಕಷ್ಟವಾಗುತ್ತಿರಲಿಲ್ಲ. ತಾರಸಿಯಲ್ಲಿ ಡಿಶ್ ಕೂರಿಸಿದ ಹುಡುಗ ಆಗ್ನೇಯಕ್ಕೆ ಅದರ ಮುಖ ತಿರುಗಿಸಿ, ಅದೇ ತೂತಿನಿಂದ ಕೇಬಲ್ ಇಳಿಸಿ, ಅರ್ಧ ಗಂಟೆಯಲ್ಲಿ ಮುನ್ನೂರು ಚಾನೆಲ್ ಬರಿಸಿ ಹೋದ. ಅಡುಗೆಮನೆಯ ಹಾಗೆ ಡಿಶ್ಶಿಗೂ ಆಗ್ನೇಯವೇ ಶ್ರೇಷ್ಠವೆಂದು ಅಮ್ಮನಿಗೆ ಸಮಾಧಾನವಾಯಿತು. ತೊಂದರೆ ಬಂದದ್ದು ಊರಿನಿಂದ, ಲಾರಿಯಲ್ಲಿ. ತಿಪಟೂರಿನ ಮನೆ ಖಾಲಿ ಮಾಡಿಕೊಂಡು ಬಂದ ಅಪ್ಪ ಹಿತ್ತಾಳೆ ಹಂಡೆ, ಒರಳುಕಲ್ಲುಗಳ ಜೊತೆ ಹಳೆಯ ಟಿವಿ ಆಂಟೆನಾವನ್ನೂ ಗೋಣಿಚೀಲ ಸುತ್ತಿಸಿ ತಂದಿದ್ದರು. ಮುನ್ನೂರು ಚಾನೆಲ್ ಇರುವ ಮನೆಯಲ್ಲಿ ಈ ಅಲ್ಯೂಮಿನಿಯಂ ಕಡ್ಡಿಗಳೇಕೆ ಎಂದು ಕೇಳಿದ್ದಕ್ಕೆ, "ಇರಲಿ ಬಿಡೋ, ಅದೇನು ಅನ್ನ ಕೇಳುತ್ತಾ?" ಎಂದು ಬಾಯಿ ಮುಚ್ಚಿಸಿದರು.

ಹಸ್ತೆಯ ಮಳೆ ಶುರುವಾದ ಮೇಲೆ ಅದರ ಉಪಯೋಗ ತಿಳಿಯಿತು. ಸಂಜೆ ಆರೂವರೆಗೆ ಮೋಡ ಕವಿಯುವುದು, ಏಳಕ್ಕೆ ಸರಿಯಾಗಿ ಪರದೆಯ ಮೇಲೆ ಮುಖಗಳು ಚೌಕ ಚೌಕವಾಗಿ ಒಡೆಯುವುದು, ಬಳಿಕ ಸಿಗ್ನಲ್ ಇಲ್ಲವೆಂಬ ಬರಹ ನಿಲ್ಲುವುದು ನಿತ್ಯವಿಧಿಯಾಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರುವ ಆ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅಷ್ಟು ದೂರ ಸುಖವಾಗಿ ಬಂದ ಅಲೆಯನ್ನು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಮಳೆಹನಿ ನುಂಗಿಬಿಡುತ್ತದೆ. ಜೆ.ಸಿ. ನಗರದ ದೂರದರ್ಶನ ಗೋಪುರದಿಂದ ಆಗ ಹೊರಡುತ್ತಿದ್ದ ಅಲೆಗಳಾದರೋ ಮೀಟರುಗಟ್ಟಲೆ ಉದ್ದದವಾದ್ದರಿಂದ ಅವುಗಳಿಗೆ ಮಳೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ಸಂಜೆಯ ಕನ್ನಡ ವಾರ್ತೆ ತಪ್ಪಬಾರದು. "ಮೇಲಿನಿಂದ ಬರೋದನ್ನ ನಂಬಿಕೊಂಡು ಕೂತರೆ ಹೀಗೇ ಕಣೋ" ಎಂದು ಮಳೆಯನ್ನೇ ನಂಬಿ ರಾಗಿ ಬೆಳೆದಿದ್ದವರು ಹೇಳಿದಾಗ ನಾನು ಮರುದಿನವೇ ಆಂಟೆನಾವನ್ನು ತಾರಸಿಗೆ ಹತ್ತಿಸಿದೆ.

ಈಗ ತಾರಸಿಯಲ್ಲಿ ಎರಡು ಕೇಬಲ್, ಗೋಡೆಯಲ್ಲಿ ಒಂದೇ ತೂತು. ಮಾಲೀಕರನ್ನು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎರಡನ್ನೂ ಮೇಲೆಯೇ ಸೇರಿಸಿ ಒಂದೇ ಕೇಬಲ್ಲಿನಲ್ಲಿ ಇಳಿಸಬಹುದೆಂದು ಎಲ್ಲೋ ಓದಿದ್ದ ನಾನು ಎಸ್.ಪಿ. ರಸ್ತೆಗೆ ಹೋಗಿ, "ಎರಡು ಸೇರಿಸಿ ಒಂದು ಮಾಡುವ ಡಬ್ಬಿ" ಎಂದು ಕೇಳಿ, ನಲವತ್ತು ರೂಪಾಯಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪ್ಲಿಟರ್ ತಂದೆ. ಅದರ ಮೈಮೇಲೆ 5ರಿಂದ 1000 ಮೆಗಾಹರ್ಟ್ಸ್ ಎಂದು ಅಚ್ಚೊತ್ತಿತ್ತು. ಸಾವಿರವೆಂದರೆ ಧಾರಾಳವಾಯಿತೆಂದುಕೊಂಡೆ.

ಕೇಬಲ್ಲಿನ ಸಿಪ್ಪೆ ಸುಲಿಯಲು ಚಾಕು ಸಿಗದೆ ಈಳಿಗೆಮಣೆಯ ಮೇಲೆ ಕುಳಿತೆ. ಹೊರಗೆ ಕಪ್ಪು ಹೊದಿಕೆ, ಅದರೊಳಗೆ ಕೂದಲಿನಷ್ಟು ತೆಳುವಾದ ತಂತಿಗಳ ಹೆಣಿಗೆ, ಬೆಳ್ಳಿಬಣ್ಣದ ಹಾಳೆ, ಬಿಳಿಯ ನೊರೆಯಂಥ ಪ್ಲಾಸ್ಟಿಕ್ಕು, ಎಲ್ಲಕ್ಕೂ ಒಳಗೆ ಒಂದೇ ಒಂದು ತಾಮ್ರದ ಕಡ್ಡಿ: ಬಾಳೆದಿಂಡನ್ನು ಸುಲಿದಂತೆ ಸುಲಿಯುತ್ತಾ ಹೋಗಬೇಕು. ಹೆಣಿಗೆಯ ಒಂದು ಎಳೆ ತಾಮ್ರಕ್ಕೆ ತಗುಲಿದರೂ ಕೆಲಸ ಕೆಟ್ಟಿತು. ನಾನು ಒಂದು ಎಳೆಯನ್ನೂ ತಗುಲಗೊಡದೆ ಜೋಡಿಸಿ, ಕೆಳಗೆ ಬಂದು ಟಿವಿ ಹಾಕಿದರೆ, ಮಳೆಯಿಲ್ಲದ ಆ ಭಾನುವಾರ ಬೆಳಿಗ್ಗೆ ಮುನ್ನೂರು ಚಾನೆಲ್ಲುಗಳೂ ಮಾಯವಾಗಿದ್ದವು. ಈಳಿಗೆಮಣೆಯಲ್ಲೇ ದೋಷವಿರಬೇಕೆಂದು ಮತ್ತೆರಡು ಸಲ ಸುಲಿದೆ. ಮೂರನೆಯ ಸಲಕ್ಕೆ ಕೇಬಲ್ಲೇ ಒಂದು ಗೇಣು ಗಿಡ್ಡವಾಗಿ ತೂತಿನೊಳಗೆ ಜಾರಿಹೋಯಿತು. ಹೊಸ ಕೇಬಲ್ಲನ್ನು ತುದಿಯ ಕನೆಕ್ಟರ್ ಸಮೇತ ತೂರಿಸಲು ಹೋಗಿ ಸಿಕ್ಕಿಹಾಕಿಕೊಂಡಾಗ ಸ್ಕ್ರೂಡ್ರೈವರಿನಿಂದ ತೂತಿಗೆ ತುಸು ಬುದ್ಧಿ ಹೇಳಬೇಕಾಯಿತು. ಉದುರಿದ ಸುಣ್ಣವನ್ನು ಹೆಂಡತಿ ಮಾತಾಡದೆ ಗುಡಿಸಿದಳು. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ.

ಅಂಗಡಿಗೆ ವಾಪಸು ಹೋದಾಗ ಹದಿನೆಂಟು ವರ್ಷದ ಹುಡುಗನೊಬ್ಬ ನನ್ನ ಕತೆಯನ್ನು ಅರ್ಧದಲ್ಲೇ ನಿಲ್ಲಿಸಿದ. "ಸಾರ್, ಕೇಬಲ್ಲಲ್ಲಿ ಬರೀ ಚಿತ್ರ ಕೆಳಗೆ ಬರಲ್ಲ, ಕರೆಂಟು ಮೇಲಕ್ಕೂ ಹೋಗುತ್ತೆ." ಡಿಶ್ಶಿನ ಮುಂದೆ ಕೈಚಾಚಿ ನಿಂತು, ಅಲೆಗಳನ್ನು ಹಿಡಿದು ಅವುಗಳ ಕಂಪನಾಂಕ ಇಳಿಸಿ ಕೇಬಲ್ಲಿಗೆ ಬಿಡುವ ಎಲ್‌ಎನ್‌ಬಿ ಎಂಬ ಪುಟ್ಟ ಉಪಕರಣಕ್ಕೆ ಸೆಟ್‌ಟಾಪ್ ಬಾಕ್ಸು ಅದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಊಟ ಕಳಿಸುತ್ತದಂತೆ. ನನ್ನ ಡಬ್ಬಿ ಆ ಊಟವನ್ನು ಆಂಟೆನಾದ ಕಡೆಗೂ ಹರಿಯಬಿಟ್ಟಿತ್ತು. ಆಂಟೆನಾದ ನಡುವಿನ ಮಡಚಿದ ಕೊಳವೆ ಕರೆಂಟಿನ ಲೆಕ್ಕದಲ್ಲಿ ಬರೀ ಒಂದು ತಂತಿ. ಆ ಕಡೆಯಿಂದ ಹೋದದ್ದು ಈ ಕಡೆಯಿಂದ ವಾಪಸಾಗಿ ಶಾರ್ಟ್ ಆಗುತ್ತದೆ. ತಿಪಟೂರಿನ ಆಂಟೆನಾ ಅನ್ನ ಕೇಳುವುದಿಲ್ಲವೆಂಬ ಅಪ್ಪನ ಮಾತು ನೆನಪಾಯಿತು. ಕೇಳದೆಯೇ ಪಕ್ಕದವರ ಎಲೆಯದನ್ನೂ ಉಂಡಿತ್ತು. ಇದಲ್ಲದೆ ಎಲ್‌ಎನ್‌ಬಿ ಇಳಿಸಿ ಕಳಿಸುವ ಸಂಕೇತ 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಹರಡಿರುವುದರಿಂದ ನಾನು ಧಾರಾಳವೆಂದುಕೊಂಡಿದ್ದ ಸಾವಿರ ಅದರ ಹೊಸ್ತಿಲನ್ನಷ್ಟೇ ದಾಟುತ್ತಿತ್ತು.

ಬೇಕಾದದ್ದು ಡಿಪ್ಲೆಕ್ಸರ್, ಅದೂ ಎರಡು. ಮೇಲಿನದು 862 ಮೆಗಾಹರ್ಟ್ಸ್ ಒಳಗಿನ ಆಂಟೆನಾದ ಪಾಲನ್ನೂ 950ರಿಂದಾಚೆಗಿನ ಡಿಶ್ಶಿನ ಪಾಲನ್ನೂ ಒಂದೇ ಕೇಬಲ್ಲಿಗೆ ಹಾಕುತ್ತದೆ, ಕರೆಂಟನ್ನು ಡಿಶ್ಶಿಗೆ ಮಾತ್ರ ಬಿಡುತ್ತದೆ. ಕೆಳಗಿನದು ಮತ್ತೆ ಭಾಗ ಮಾಡುತ್ತದೆ. ಅಣ್ಣತಮ್ಮಂದಿರು ಒಂದೇ ಬಾಗಿಲಿನಿಂದ ಬಂದು ಒಳಗೆ ಬೇರೆ ಬೇರೆ ಒಲೆ ಹಚ್ಚುವ ವ್ಯವಸ್ಥೆ. ಕೆಳಗಿನದನ್ನು ನಾನು ಮೊದಲು ತಿರುಗಾಮುರುಗಾ ಜೋಡಿಸಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

ಮುಂದಿನ ಮಳೆಗೆ ಡಿಶ್ ಎಂದಿನಂತೆ ಕೈಕೊಟ್ಟಿತು. ನಾನು ರಿಮೋಟಿನ ಗುಂಡಿ ಒತ್ತಿದೆ. ಅಂಚಿನಲ್ಲಿ ತುಸು ನೆರಳಿದ್ದರೂ ದೂರದರ್ಶನ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ವಾರ್ತೆಯಲ್ಲಿ ಬೆಂಗಳೂರಿನಲ್ಲಿ ಭಾರೀ ಮಳೆ ಎಂದು ಹೇಳುತ್ತಿದ್ದರು.

ನಾವು ಆ ಮನೆ ಬಿಟ್ಟದ್ದು 2022ರಲ್ಲಿ. ಅಷ್ಟರಲ್ಲಿ ದೂರದರ್ಶನ ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟು ಉಳಿದೆಡೆ ತನ್ನ ಹಳೆಯ ಭೂಪ್ರಸಾರವನ್ನು ಮುಚ್ಚಿದ್ದರಿಂದ ಆಂಟೆನಾ ಕಾಗೆಗಳ ಪಾಲಾಗಿತ್ತು. ಮಾಲೀಕರು ಅಡ್ವಾನ್ಸ್ ಲೆಕ್ಕಕ್ಕೆ ಬಂದರು. ಬಣ್ಣಕ್ಕೆ ಇಷ್ಟು, ನಲ್ಲಿಗೆ ಇಷ್ಟು ಎಂದು ಬರೆದುಕೊಳ್ಳುತ್ತಾ ಕಿಟಕಿಯ ಬಳಿ ನಿಂತರು. ಕಿರುಬೆರಳನ್ನು ತೂತಿನೊಳಗೆ ಇಟ್ಟರು. ಅದು ಸಲೀಸಾಗಿ ಹೋಯಿತು. ತೆಗೆದು ಹೆಬ್ಬೆರಳಿಟ್ಟರು. ಅದೂ ಹೋಯಿತು.